ಹನ್ನೆರಡರಲ್ಲಿ ಐದು ಸಿಕ್ಕಿವೆ

ನಾನು ಒಂದು ಹಳೇ ಅಮೆರಿಕನ್ ಸೀರಿಯಲ್ಲಿನ ಹನ್ನೆರಡು ಕಂತಿನ ಪೋಸ್ಟರ್‌ಗಳನ್ನು ಸೇರಿಸುತ್ತಿದ್ದೇನೆ. ಹೋದ ವಾರ ಒಂಬತ್ತನೇ ಕಂತಿನದು ಬಂತು. ಈಗ ನನ್ನ ಹತ್ತಿರ 3, 5, 6, 9, 10 ಇವೆ. ಇನ್ನೂ ಏಳು ಬೇಕು.

ಸೀರಿಯಲ್ ಅಂದ ಕೂಡಲೇ ಅತ್ತೆ-ಸೊಸೆ ಜಗಳ ನೆನಪಾದರೆ ತಪ್ಪಿಲ್ಲ. ಆದರೆ ಇದು ಆ ಸೀರಿಯಲ್ ಅಲ್ಲ. ಅಮೆರಿಕದ ಥಿಯೇಟರುಗಳಲ್ಲಿ ವಾರಕ್ಕೊಂದು ಕಂತು ತೋರಿಸುತ್ತಿದ್ದ ಸಿನಿಮಾ ಇದು. ಕಂತಿನ ಕೊನೆಗೆ ನಾಯಕ ಪ್ರಪಾತಕ್ಕೆ ಉರುಳುವ ಕಾರಿನಲ್ಲೋ ನೀರು ತುಂಬುವ ಕೋಣೆಯಲ್ಲೋ ಸಿಕ್ಕಿಕೊಳ್ಳುತ್ತಾನೆ, ಬದುಕಿದನೋ ಇಲ್ಲವೋ ತಿಳಿಯಬೇಕಾದರೆ ಮಕ್ಕಳು ಮುಂದಿನ ಶನಿವಾರ ಮತ್ತೆ ಟಿಕೆಟ್ ತಗೋಬೇಕು. ಟಿವಿ ಬಂದು ಇದರ ಕಥೆ ಮುಗಿಸಿತು. ರಿಪಬ್ಲಿಕ್ ಕಂಪನಿ 1955ರಲ್ಲಿ, ಕೊಲಂಬಿಯಾ 1956ರಲ್ಲಿ ತಮ್ಮ ಕೊನೆಯ ಸೀರಿಯಲ್ ಬಿಡುಗಡೆ ಮಾಡಿದವು.

ನಾನು ಹಿಂದೆ ಬಿದ್ದಿರುವುದು ರಿಪಬ್ಲಿಕ್‌ನ 1952ರ 'ಜಾಂಬೀಸ್ ಆಫ್ ದ ಸ್ಟ್ರಾಟೋಸ್ಫಿಯರ್'. ಒಟ್ಟು 12 ಕಂತು, ಕಂತಿಗೊಂದು ಒನ್ ಶೀಟ್, ಅಂದರೆ 27 ಇಂಚು ಅಗಲ, 41 ಇಂಚು ಎತ್ತರದ ಪೋಸ್ಟರ್. 1936ರ ಫ್ಲ್ಯಾಶ್ ಗಾರ್ಡನ್, 1941ರ ಕ್ಯಾಪ್ಟನ್ ಮಾರ್ವೆಲ್ ಸೀರಿಯಲ್‌ಗಳ ಪೋಸ್ಟರ್ ಎಲ್ಲ ನನ್ನಂಥ ಸಂಬಳದವನ ಕೈಗೆ ಎಟುಕುವುದಿಲ್ಲ. ಇದು ಎಟುಕುತ್ತದೆ, ಸ್ವಲ್ಪ ಕಷ್ಟಪಟ್ಟರೆ. ನಿಜ ಹೇಳಬೇಕೆಂದರೆ ಸೀರಿಯಲ್ ಅಷ್ಟೇನೂ ಚೆನ್ನಾಗಿಲ್ಲ. ಬಂದೂಕಿನ ಗುಂಡಿನಾಕಾರದ ಶಿರಸ್ತ್ರಾಣ, ಚರ್ಮದ ಜಾಕೆಟ್, ಎದೆಯ ಹತ್ತಿರ 'ಮೇಲೆ-ಕೆಳಗೆ', 'ನಿಧಾನ-ಜೋರು' ಅಂತ ತಿರುಗುಬಟನ್, ಅಷ್ಟರಲ್ಲೇ ಮನುಷ್ಯ ಹಾರುತ್ತಾನೆ! ಹಾರುವ ದೃಶ್ಯಗಳಲ್ಲಿ ಎಷ್ಟೋ 1949ರ 'ಕಿಂಗ್ ಆಫ್ ದ ರಾಕೆಟ್ ಮೆನ್'ನಿಂದ ಎತ್ತಿ ತಂದವು. ಟ್ರಿಕ್ ದೃಶ್ಯ ತೆಗೆಯುತ್ತಿದ್ದ ಲೈಡೆಕರ್ ಅಣ್ಣತಮ್ಮಂದಿರು ತಂತಿ ಮೇಲೆ ಬೊಂಬೆ ಓಡಿಸಿ ತೆಗೆದಿದ್ದ ಆ ದೃಶ್ಯಗಳನ್ನು ಕಂಪನಿ ಚೆನ್ನಾಗಿ ಹಿಂಡಿತು. ಆದರೂ ಆ ಬೊಂಬೆ ಹಾರುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಇದರಲ್ಲಿ ಮಂಗಳ ಗ್ರಹದವನ ಸಣ್ಣ ಪಾತ್ರ ಮಾಡಿದ್ದು ಲೆನಾರ್ಡ್ ನಿಮಾಯ್. ಅವನಿಗೆ ಹೆಸರು ತಂದ ಸ್ಟಾರ್ ಟ್ರೆಕ್ ಟಿವಿ ಸರಣಿ ಶುರುವಾಗಿದ್ದು 14 ವರ್ಷ ಆದಮೇಲೆ, ಆಗ ಅವನನ್ನು ಯಾರೂ ಕೇಳುವವರಿರಲಿಲ್ಲ. ಈಗ ಮಾರುವವರೆಲ್ಲ ಮೊದಲು ಅವನ ಹೆಸರನ್ನೇ ಹಾಕಿ ಬೆಲೆ ಏರಿಸುತ್ತಾರೆ.

ಒಂಬತ್ತನೆಯದಕ್ಕೆ ಬರುತ್ತೇನೆ. ಹೆಸರು 'ದ ಹ್ಯೂಮನ್ ಟಾರ್ಪಿಡೊ'. ಆಗಿನ ಒನ್ ಶೀಟ್‌ಗಳು ಸಾಮಾನ್ಯವಾಗಿ ಮಡಿಸಿಯೇ ಬರುತ್ತಿದ್ದವು: ಅಡ್ಡ ಮೂರು ಮಡಿಕೆ, ಉದ್ದ ಒಂದು, ಒಟ್ಟು ಎಂಟು ಮನೆ. ಹಾಗಾಗಿ ಮಡಿಕೆ ಕಂಡರೆ ಬೇಜಾರು ಬೇಡ, ಮಡಿಕೆಯೇ ಇಲ್ಲದಿದ್ದರೆ ಅನುಮಾನ ಪಡಿ. ನೆಲದ ಮೇಲೆ ಬೆಡ್‌ಶೀಟ್ ಹಾಸಿ ಬಿಚ್ಚಿದೆ. ಒಂದು ಮೂಲೆಯಲ್ಲಿ ಎಣಿಸಿದರೆ ಏಳು ಪಿನ್ ತೂತು. ಆಗ ಥಿಯೇಟರಿನವರು ಪೋಸ್ಟರ್‌ಗಳನ್ನು ಬಾಡಿಗೆಗೆ ತಂದು, ಪ್ರದರ್ಶನ ಮುಗಿದ ಮೇಲೆ ವಾಪಸ್ ಕಳಿಸುವುದು ವಾಡಿಕೆ. ಇದು ಎಷ್ಟು ಊರು ತಿರುಗಿತ್ತೋ. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ 9 ಅಂತ ದೊಡ್ಡದಾಗಿ ಬರೆದು ಸುತ್ತ ಗೀಟು ಎಳೆದಿದ್ದಾರೆ. ಬಿಚ್ಚದೆಯೇ ಕಂತು ಗೊತ್ತಾಗಲಿ ಅಂತ ಇರಬೇಕು. ಮುಂಭಾಗದ ಚಿತ್ರಕ್ಕಿಂತ ನಾನು ಜಾಸ್ತಿ ಹೊತ್ತು ನೋಡಿದ್ದು ಅದನ್ನೇ.

ಆಮೇಲೆ ನಕಲಿ ಅಲ್ಲ ತಾನೇ ಅಂತ ನೋಡಲು ದೀಪ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಾಕಿದೆ. ಹೊಸ ಬಿಳಿ ಕಾಗದದಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ನೀಲಿಯಾಗಿ ಮಿಂಚುತ್ತದೆ. ಹಳೆಯದು ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. ಇದು ಮಿಂಚಲಿಲ್ಲ, ಪುಣ್ಯ. ಅದೊಂದರಿಂದಲೇ ಅಸಲಿ ಅನ್ನಲಾಗುವುದಿಲ್ಲ, ಅದಕ್ಕೆ ಭೂತಗನ್ನಡಿಯಲ್ಲಿ ಅಚ್ಚಿನ ಚುಕ್ಕೆಗಳನ್ನೂ ನೋಡಿದೆ.

ಮೂರನೆಯದರ ಕಥೆ ಬೇರೆ. ಮಾರಿದವರು ಹಿಂಬದಿಯ ಫೋಟೋ ಹಾಕಿರಲಿಲ್ಲ, ನಾನೂ ಕೇಳಲಿಲ್ಲ. ಬಂದ ಮೇಲೆ ನೋಡಿದರೆ ನಡುಮಡಿಕೆ ಉದ್ದಕ್ಕೂ ಹಳೇ ಸೆಲ್ಲೋ ಟೇಪು, ಅಂಟು ಕಾಗದದೊಳಗೆ ಇಳಿದು ಮುಂದೆಲ್ಲ ಕಂದು ಪಟ್ಟೆ. ಸುಮ್ನೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಎಳೆದೆ, ಹೆಬ್ಬೆರಳಗಲ ಬಣ್ಣ ಟೇಪಿನ ಜೊತೆಗೇ ಬಂತು. ಅವತ್ತು ಊಟ ಸೇರಲಿಲ್ಲ.

ಈಗ ಅದನ್ನು ಬಟ್ಟೆ ಕಟ್ಟಿಸಲು ಕೊಟ್ಟಿದ್ದೇನೆ. ಮೊದಲು ತೊಳೆದು, ಕಾಗದದ ಆಮ್ಲ ತೆಗೆದು, ಹಿಂದೆ ಜಪಾನಿ ಕಾಗದ, ಅದರ ಹಿಂದೆ ಕ್ಯಾನ್ವಾಸ್ ಅಂಟಿಸುತ್ತಾರೆ. ಅಂಟು ಯಾವುದು ಅಂತ ಕೇಳಿದರೆ ಗೋಧಿ ಪಿಷ್ಟದ್ದಂತೆ! ಬೇಕೆಂದರೆ ನೀರು ಹಾಕಿ ಬಿಡಿಸಬಹುದು, ಅದಕ್ಕೇ ಅದು. ನನಗೆ ತಕ್ಷಣ ಗಾಂಧಿನಗರ ನೆನಪಾಯಿತು. ರಾತ್ರಿ ಬಕೆಟ್ಟಿನಲ್ಲಿ ಮೈದಾ ಅಂಟು ಹಿಡಿದು ಪೋಸ್ಟರ್ ಹಚ್ಚುವವರು, ಬೆಳಿಗ್ಗೆ ಆ ಅಂಟಿನ ಆಸೆಗೆ ನಾಯಕನ ಮುಖವನ್ನೇ ಕಿತ್ತು ಮೆಲ್ಲುವ ದನ. ಇಲ್ಲಿ ಅದೇ ಗೋಧಿ ಅಂಟಿಗೆ ನಾನು ಕೊಡುತ್ತಿರುವ ದುಡ್ಡು ಪೋಸ್ಟರ್ ಬೆಲೆಗಿಂತ ಜಾಸ್ತಿ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿಲ್ಲ.

ಉಳಿದವು ಪಾಲಿಯೆಸ್ಟರ್ ಕವರಿನಲ್ಲಿ, ಆಮ್ಲವಿಲ್ಲದ ಡಬ್ಬದಲ್ಲಿ ಮಂಚದ ಕೆಳಗಿವೆ. ಬಿಸಿಲಿಗೆ ಬಣ್ಣ ಹೋಗುತ್ತದೆ ಅಂತ ಗೋಡೆಗೆ ಹಾಕಿಲ್ಲ. "ಗೋಡೆಗೆ ಹಾಕಲ್ಲ ಅಂದ್ಮೇಲೆ ಯಾಕ್ರೀ ತಗೊಂಡ್ರಿ?" ಅಂತ ಹೆಂಡತಿ ಕೇಳಿದಳು. ಉತ್ತರ ಹೊಳೆಯಲಿಲ್ಲ, ಡಬ್ಬ ಒಳಗೆ ತಳ್ಳಿದೆ.

ಎಲ್ಲರೂ ಬೆನ್ನು ಹತ್ತುವ ಮೊದಲನೇ ಕಂತನ್ನು ಕೊನೆಗೆ ನೋಡಿಕೊಳ್ಳುತ್ತೇನೆ. ಐದನೆಯದು ನನ್ನ ಹತ್ತಿರ ಎರಡಿವೆ, ಒಂದೇ ವಾರದಲ್ಲಿ ಎರಡು ಹರಾಜಿನಲ್ಲಿ ಕೂಗಿ ಎರಡೂ ಗೆದ್ದ ಫಲ. ಹನ್ನೊಂದನೆಯದು ಇಟ್ಟುಕೊಂಡಿರುವ ಒಬ್ಬರಿಗೆ ಅದಲು ಬದಲು ಮಾಡಿಕೊಳ್ಳೋಣವಾ ಅಂತ ಬರೆದಿದ್ದೇನೆ. ಹಿಂಬದಿಯ ಫೋಟೋ ಕಳಿಸಿ ಅಂತ ಅವರೇ ಕೇಳಿದ್ದಾರೆ.