ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯ ಮೇಲೆ

ಕುಂದಗೋಳ ತಾಲ್ಲೂಕಿನ ನಮ್ಮ ಊರಿನಲ್ಲಿ ಹಿತ್ತಲ ಕಲ್ಲಿನ ಮೇಲೆ ಜಾರಿ ಬಿದ್ದು ತೊಡೆಯ ಮೇಲ್ಭಾಗದ ಮೂಳೆ ಮುರಿದುಕೊಂಡ ಅವ್ವನಿಗೆ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ನೋವಿಗೆ ಔಷಧಿ ಕೊಡುವುದು ಎಷ್ಟು ಮುಖ್ಯವೋ, ಕೊಟ್ಟ ಮೇಲೆ ಮರಳಿ ಬಂದು ವಿಚಾರಿಸುವುದೂ ಅಷ್ಟೇ ಮುಖ್ಯ ಎಂಬುದನ್ನು ಆ ರಾತ್ರಿ ಕಣ್ಣಾರೆ ಕಂಡೆ.

ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯುತ್ತಿದ್ದಂತೆ ಅವ್ವ ನರಳತೊಡಗಿದಳು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು ಸಿಸ್ಟರ್ ಕೇಳಿದರೆ ಅವಳಿಂದ ಬರುತ್ತಿದ್ದುದು "ಬಾಳ ಐತಿ" ಎಂಬ ಒಂದೇ ಉತ್ತರ. ಗದಗ ಕಡೆಯವರಾದ ಆ ಸಿಸ್ಟರ್ ತುಸು ಯೋಚಿಸಿ, "ರೂಪಾಯಿಗೆ ಎಷ್ಟಾಣೆ ಐತ್ರಿ ಅವ್ವಾರ?" ಎಂದರು. ಪೈಸೆಯ ಲೆಕ್ಕ 1957ರಲ್ಲೇ ಬಂದಿದ್ದರೂ ಅವ್ವನ ಲೆಕ್ಕ ಇಂದಿಗೂ ಆಣೆಯದೇ ಆದ್ದರಿಂದ, "ಹದಿನಾಲ್ಕಾಣೆ ಐತಿ ಯವ್ವಾ" ಎಂಬ ಉತ್ತರ ತಡವಿಲ್ಲದೆ ಬಂತು. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹಿಡಿದು ಸಿಸ್ಟರ್ ಫೈಲಿನಲ್ಲಿ 9 ಎಂದು ಬರೆದು, ವೇಳೆ ನಮೂದಿಸಿ, ಪ್ಯಾರಾಸಿಟಮಾಲ್ ಬಾಟಲಿಯನ್ನು ಹದಿನೈದು ನಿಮಿಷದಲ್ಲಿ ಮುಗಿಯುವಂತೆ ಸಲೈನ್ ನಳಿಕೆಗೆ ಜೋಡಿಸಿದರು.

ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರ್ ಇದ್ದರೂ ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೆ ಅವರು ಮತ್ತೆ ಬಂದರು. ನರಕ್ಕೆ ಕೊಟ್ಟ ಔಷಧಿಯ ಗುಣ ಸುಮಾರು ಅರ್ಧ ಗಂಟೆಯೊಳಗೆ ಕಾಣಬೇಕು, ಮಾತ್ರೆಯಾದರೆ ಒಂದು ಗಂಟೆ ಬೇಕು. ಅದಕ್ಕಿಂತ ಮೊದಲೇ ಕೇಳಿದರೂ ಬಹಳ ತಡವಾಗಿ ಕೇಳಿದರೂ ಔಷಧಿ ಹಿಡಿಯಿತೋ ಇಲ್ಲವೋ ತಿಳಿಯುವುದಿಲ್ಲ. ನನ್ನ ತಮ್ಮ "ಕಡಿಮಿ ಆಗೇತ್ರಿ" ಎಂದದ್ದಕ್ಕೆ ಸಿಸ್ಟರ್, "ಅವರ ಬಾಯಿಲೇ ಕೇಳಬೇಕ್ರಿ ಅಣ್ಣಾರ" ಎಂದರು. ನೋವು ನುಂಗಿಕೊಂಡೇ ಬದುಕಿದ ನಮ್ಮ ಅವ್ವಂದಿರ ಪರವಾಗಿ ಮನೆಯವರು ಉತ್ತರಿಸುವುದು ಎಷ್ಟು ಅಪಾಯದ ರೂಢಿ ಎಂಬುದು ಮುಂದಿನ ಐದು ನಿಮಿಷಗಳಲ್ಲಿ ಗೊತ್ತಾಯಿತು.

ಸುಮ್ಮನೆ ಮಲಗಿದ್ದಾಗ ಎಷ್ಟು, ಕೆಮ್ಮಿದರೆ ಎಷ್ಟು, ಪಾದ ಅಲುಗಿಸಿದರೆ ಎಷ್ಟು ಎಂದು ಸಿಸ್ಟರ್ ಬೇರೆ ಬೇರೆಯಾಗಿ ಕೇಳಿದರು. ಕಾಲಿನ ನೋವು ಆರಾಣೆಗೆ ಇಳಿದಿತ್ತು. ಆದರೂ ಅವ್ವನ ಹುಬ್ಬು ಗಂಟಿಕ್ಕಿಯೇ ಇತ್ತು, ಬಲಗೈ ಹಾಸಿಗೆಯ ಕಂಬಿಯನ್ನು ಬಿಟ್ಟಿರಲಿಲ್ಲ. ಎಲ್ಲಿ ನೋವು ಎಂದು ಮತ್ತೆ ಕೇಳಿದಾಗ, "ಕಾಲಲ್ಲ, ಕೆಳಹೊಟ್ಟಿ ಒಡದು ಹೋಗೂಹಂಗ ಆಗೇತಿ" ಎಂದಳು. ಸಿಸ್ಟರ್ ಹೊಕ್ಕುಳ ಕೆಳಗೆ ಮೆಲ್ಲಗೆ ಒತ್ತಿ ನೋಡಿ, ಹೊದಿಕೆ ಸರಿಸಿದರು. ಮೂತ್ರದ ನಳಿಕೆ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಅದನ್ನು ಬಿಡಿಸಿದ ಕೂಡಲೇ ಚೀಲಕ್ಕೆ ಮೂತ್ರ ಹರಿಯತೊಡಗಿತು, ಸ್ವಲ್ಪ ಹೊತ್ತಿನಲ್ಲಿ ಅವ್ವನ ಮುಖ ಸಡಿಲವಾಯಿತು.

ಅವರು ಮರಳಿ ಬಾರದೆ ಹೋಗಿದ್ದರೆ, ನರಳಾಟ ಕೇಳಿ ಫೈಲಿನಲ್ಲಿ ಬರೆದಿದ್ದ ಮುಂದಿನ ನೋವಿನ ಔಷಧಿ ಟ್ರಾಮಡಾಲ್ ಕೊಡಬೇಕಾಗುತ್ತಿತ್ತು. ವಯಸ್ಸಾದವರಿಗೆ ಅದರಿಂದ ವಾಂತಿ, ಮಂಪರು ಬರಬಹುದು. ಕಟ್ಟಿಕೊಂಡ ಮೂತ್ರ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಮಾರ್ಫಿನ್ ಜಾತಿಯ ಔಷಧಿ ಕೊಟ್ಟಾಗಲಂತೂ ನೋವಿನ ಜೊತೆಗೆ ರೋಗಿಯ ಎಚ್ಚರ ಎಷ್ಟಿದೆ, ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನೂ ನೋಡಲೇಬೇಕು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನದಂಡಗಳಲ್ಲೂ ನೋವಿನ ಮರುಪರಿಶೀಲನೆ ಸೇರಿದೆ. ಆದರೆ ಅದಕ್ಕೆ ಬೇಕಾದಷ್ಟು ನರ್ಸ್‌ಗಳನ್ನು ರಾತ್ರಿ ಪಾಳಿಗೆ ಕೊಡುವ ಹೊಣೆ ಆಡಳಿತದವರದು, ಇದನ್ನು ನಾವು ಗಟ್ಟಿಯಾಗಿ ಕೇಳಬೇಕು.

ಬೆಳಿಗ್ಗೆ ಪಾಳಿ ಮುಗಿಸುವಾಗ ಆ ಸಿಸ್ಟರ್, ಅವ್ವನನ್ನು ವಾಕರ್ ಹಿಡಿಸಿ ನಿಲ್ಲಿಸುವುದಕ್ಕೆ ಒಂದು ಗಂಟೆ ಮುಂಚೆ ನೋವಿನ ಮಾತ್ರೆ ಆಗಿರಬೇಕೆಂದು ಮುಂದಿನ ಪಾಳಿಯವರಿಗೂ ಫಿಸಿಯೋಥೆರಪಿಯವರಿಗೂ ಹೇಳಿ ಹೋದರು. ಅವ್ವ ಅಂದೇ ಬಾಗಿಲಿನವರೆಗೆ ನಡೆದಳು.