ವಾಟರ್‌ಲೂನಲ್ಲಿ ಕೆಲಸಕ್ಕೆ ಬಾರದ ಭಾಷೆಯ ಮೊದಲ ಪಾಠ

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಇರುವುದು ಇಂಜಿನಿಯರಿಂಗ್ ವಿಭಾಗದಲ್ಲಲ್ಲ, ಗಣಿತ ವಿಭಾಗದಲ್ಲಿ. ಇದು ಸುಮ್ನೆ ಕಾಗದದ ಮೇಲಿನ ಮಾತಲ್ಲ. ಮೊದಲ ವರ್ಷದಲ್ಲೇ ಪ್ರೋಗ್ರಾಮಿಂಗ್ ಜೊತೆ ಬೀಜಗಣಿತ, ಕ್ಯಾಲ್ಕುಲಸ್ ಎರಡನ್ನೂ ಓದಬೇಕು. ಆ ಬೀಜಗಣಿತದಲ್ಲಿ ಸೂತ್ರಕ್ಕೆ ಸಂಖ್ಯೆ ತುಂಬಿಸಿ ಉತ್ತರ ತೆಗೆದರೆ ಆಗಲ್ಲ. ಒಂದು ಮಾತು ಯಾಕೆ ನಿಜ ಅಂತ ಸಾಲು ಸಾಲಾಗಿ ಸಾಧಿಸಿ ತೋರಿಸಬೇಕು. ಟರ್ಮ್ ಮುಗಿಯುವ ಹೊತ್ತಿಗೆ ಅದೇ ದಾರಿಯಲ್ಲಿ ಆರ್‌ಎಸ್‌ಎ ಗುಪ್ತಲಿಪಿ ತನಕ ಕರೆದುಕೊಂಡು ಹೋಗುತ್ತಾರೆ.

ನಾನು ಇಲ್ಲಿ ಮಾಸ್ಟರ್ಸ್ ಓದುವಾಗ ಮೊದಲ ವರ್ಷದ ಸಿಎಸ್ 135 ಕೋರ್ಸಿಗೆ ಟಿಎ, ಅಂದರೆ ಪಾಠಕ್ಕೆ, ಮಾರ್ಕ್ಸ್ ಹಾಕುವುದಕ್ಕೆ ನೆರವಾಗುವ ಸಹಾಯಕಿ, ಆಗಿದ್ದೆ. ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಲ್ಲಿ ಜಾವಾ ಕಲಿಸ್ತಾರೋ, ಪೈಥಾನೋ?" ಎರಡೂ ಅಲ್ಲ, ರ‍್ಯಾಕೆಟ್ ಅಂದರೆ ಆ ಕಡೆಯಿಂದ ಮಾತೇ ಇರುತ್ತಿರಲಿಲ್ಲ.

ರ‍್ಯಾಕೆಟ್ ಅಂದರೆ ಲಿಸ್ಪ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯ ವಂಶದ್ದು. ಎಲ್ಲಿ ನೋಡಿದರೂ ಬ್ರಾಕೆಟ್. ಎರಡು ಮತ್ತು ಮೂರನ್ನು ಕೂಡಿಸಲು (+ 2 3) ಅಂತ ಬರೆಯಬೇಕು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಕೊಡುವುದಿಲ್ಲ. ಒಮ್ಮೆ ಹೆಸರಿಟ್ಟ ಬೆಲೆಯನ್ನು ಆಮೇಲೆ ಬದಲಿಸುವ ಹಾಗಿಲ್ಲ. ಮತ್ತೆ ಮತ್ತೆ ಏನೇ ಮಾಡುವುದಿದ್ದರೂ ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡು, ತನ್ನನ್ನೇ ಕರೆದುಕೊಂಡು ಮಾಡಬೇಕು. ಇದನ್ನು ನಂಬಿ ಕೆಲಸ ಕೊಡುವ ಕಂಪನಿಗಳು ಬೆರಳೆಣಿಕೆ. ಆದರೆ ಹೈಸ್ಕೂಲಲ್ಲೇ ಆ್ಯಪ್ ಬರೆದು ಬಂದವನೂ, ಈಗಷ್ಟೇ ಕೋಡ್ ಮುಖ ನೋಡುತ್ತಿರುವವಳೂ ಇಲ್ಲಿ ಒಂದೇ ಗೆರೆಯಿಂದ ಓಡಬೇಕಾಗುತ್ತದೆ. ಮೊದಲ ವಾರಗಳಲ್ಲಿ ಗೊಣಗುತ್ತಿದ್ದವರೂ ಹೆಚ್ಚಾಗಿ ಆ ಆ್ಯಪ್ ಬರೆದು ಬಂದವರೇ.

ಕೋಡ್ ಸರಿಯಾಗಿ ಓಡಿದರೆ ಪೂರ್ತಿ ಮಾರ್ಕ್ಸ್ ಸಿಗುತ್ತದೆ ಅಂತಲೂ ಇಲ್ಲ. ಈ ಫಂಕ್ಷನ್ ಏನು ಮಾಡುತ್ತದೆ, ಎಂಥ ಬೆಲೆ ತೆಗೆದುಕೊಂಡು ಎಂಥದ್ದನ್ನು ಕೊಡುತ್ತದೆ, ಒಂದೆರಡು ಉದಾಹರಣೆ ಏನು, ಇಷ್ಟನ್ನು ಮೊದಲೇ ಬರೆದಿರಬೇಕು. ಕೊನೆಗೆ ಪರೀಕ್ಷಿಸಿದ ಟೆಸ್ಟುಗಳೂ ಬೇಕು. ಇದಕ್ಕೆ ಡಿಸೈನ್ ರೆಸಿಪಿ ಅನ್ನುತ್ತಾರೆ. ಅದು ಬಿಟ್ಟುಹೋಗಿದ್ದರೆ ಮಾರ್ಕ್ಸ್ ಕತ್ತರಿಸುವುದು ನಮ್ಮ ಕೆಲಸ. ನಾನು ವಿಟಿಯುನಲ್ಲಿ ಓದಿದವಳು. ಲ್ಯಾಬ್ ಎಕ್ಸಾಮಲ್ಲಿ ಚೀಟಿ ಎತ್ತಿ, ಬಂದ ಪ್ರೋಗ್ರಾಂ ನೆನಪಿದ್ದರೆ ಬಚಾವ್, ಇಲ್ಲವಾದರೆ ಮಾರ್ಕ್ಸ್ ಬಿಟ್ಟುಕೊಟ್ಟು ಚೇಂಜ್ ಕೇಳುತ್ತಿದ್ದ ಕಾಲ ನಮ್ಮದು. ಬಾಯಿಪಾಠ ಮಾಡಿದ ಪ್ರೋಗ್ರಾಮಿಗೆ 'ನೀನು ಯಾಕೆ ಹೀಗಿದ್ದೀಯ' ಅಂತ ಯಾರೂ ಕೇಳುತ್ತಿರಲಿಲ್ಲ.

ಹಾಗಾದರೆ ಕೆಲಸ? ಅದಕ್ಕೆ ಕೋ-ಆಪ್ ಇದೆ. 1957ರಲ್ಲಿ ವಿಶ್ವವಿದ್ಯಾಲಯ ಶುರುವಾದಾಗಿನಿಂದಲೂ ಇರುವ ಪದ್ಧತಿ. ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕಂಪನಿಯಲ್ಲಿ ಸಂಬಳದ ಕೆಲಸ, ಹೀಗೇ ಸರದಿ. ಡಿಗ್ರಿ ಮುಗಿಯಲು ಹೆಚ್ಚುಕಡಿಮೆ ಐದು ವರ್ಷ ಹಿಡಿಯುತ್ತದೆ. ಕ್ಲಾಸು, ಮಿಡ್‌ಟರ್ಮು, ಇಂಟರ್‌ವ್ಯೂ ಎಲ್ಲ ಒಟ್ಟಿಗೇ ಮೈಮೇಲೆ ಬರುತ್ತವೆ. ಜೊತೆಗೆ ಬಾಡಿಗೆ ರೂಮು ಖಾಲಿ ಮಾಡುವುದು, ಅದಕ್ಕೆ ಇನ್ನೊಬ್ಬರನ್ನು ಹುಡುಕುವುದು. ಆದರೆ ಜಾವಾ, ರಿಯಾಕ್ಟ್, ಕ್ಲೌಡ್ ಇವನ್ನೆಲ್ಲ ಹುಡುಗರು ಅಲ್ಲೇ ಕಲಿತು ಬರುತ್ತಾರೆ. ನನ್ನ ಲೆಕ್ಕದಲ್ಲಿ ಈ ಜಾಗದ ಗುಟ್ಟು ಇದೇ: ಕೆಲಸದ ಚಿಂತೆಯನ್ನು ಹೊರಗಿನ ಕಂಪನಿಗಳು ಹೊತ್ತುಕೊಂಡಿರುವುದರಿಂದ ಕ್ಲಾಸ್‌ರೂಮು ತನ್ನ ಪಾಡಿಗೆ ತಾನಿರಬಹುದು. ಈ ವರ್ಷ ಯಾವ ಭಾಷೆಗೆ ಬೆಲೆ ಅಂತ ನೋಡಿ ಸಿಲಬಸ್ ತಿದ್ದುವ ಒತ್ತಡ ಇಲ್ಲ.

ಆ ಸ್ವಾತಂತ್ರ್ಯ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಬೇಕಾದರೆ ಕೊನೆ ವರ್ಷದವರು ತೆಗೆದುಕೊಳ್ಳುವ ಸಿಎಸ್ 452 ನೋಡಬೇಕು. ಎಲ್ಲರೂ ಅದನ್ನು ಕರೆಯುವುದು 'ಟ್ರೇನ್ಸ್' ಅಂತ. ಲ್ಯಾಬಿನಲ್ಲಿ ಮಾರ್ಕ್ಲಿನ್ ಕಂಪನಿಯ ಆಟದ ರೈಲು, ಹಳಿ, ಹಳಿ ಬದಲಿಸುವ ಸ್ವಿಚ್ಚು, ಸೆನ್ಸರ್ ಎಲ್ಲ ಇವೆ. ಲಿನಕ್ಸ್, ವಿಂಡೋಸ್ ಏನೂ ಇಲ್ಲ. ವಿದ್ಯಾರ್ಥಿಗಳೇ ಮೊದಲಿಂದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದು, ಅದರ ಮೇಲೆ ರೈಲು ಓಡಿಸಬೇಕು. ರೈಲು ಎಲ್ಲಿದೆ ಅನ್ನುವುದು ಸೆನ್ಸರ್ ದಾಟಿದಾಗ ಮಾತ್ರ ಖಾತ್ರಿ, ಉಳಿದದ್ದೆಲ್ಲ ವೇಗದಿಂದ ಹಾಕಿದ ಅಂದಾಜು. ಬ್ರೇಕ್ ಹಾಕಿದರೂ ತಕ್ಷಣ ನಿಲ್ಲದೆ ಇನ್ನಷ್ಟು ದೂರ ಜಾರುತ್ತದೆ, ಆ ದೂರ ಒಂದೊಂದು ಇಂಜಿನ್ನಿಗೆ ಒಂದೊಂದು. ಎರಡನೇ ರೈಲು ಹಳಿಗೆ ಇಳಿದ ಮೇಲೆ ಡಿಕ್ಕಿಯಾಗದಂತೆ ಹಳಿಯ ತುಂಡುಗಳನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಪುಸ್ತಕದಲ್ಲಿ ಓದಿದ 'ರಿಯಲ್ ಟೈಮ್', ಅಂದರೆ ಗಡುವಿನೊಳಗೇ ಕಂಪ್ಯೂಟರ್ ಉತ್ತರ ಕೊಡಬೇಕು ಅನ್ನುವುದು, ಇಲ್ಲಿ ಕಣ್ಣೆದುರೇ ಹಳಿ ತಪ್ಪಿ ಬೀಳುತ್ತದೆ. ಇದಕ್ಕಾಗಿ ರಾತ್ರಿಯೆಲ್ಲ ಲ್ಯಾಬಲ್ಲೇ ಇರುವವರಿದ್ದಾರೆ.

ಆಟ ಅಂತ ನಗಬೇಡಿ. 1980ರಲ್ಲಿ ಇಲ್ಲಿ ಇಂಥದ್ದೇ ರಿಯಲ್ ಟೈಮ್ ಕೋರ್ಸ್ ತೆಗೆದುಕೊಂಡ ಗಾರ್ಡನ್ ಬೆಲ್, ಡ್ಯಾನ್ ಡಾಡ್ಜ್ ಇಬ್ಬರೂ ಅಲ್ಲಿ ಕಟ್ಟಿದ್ದನ್ನು ಬೆಳೆಸಿ ಕ್ಯೂಎನ್‌ಎಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಮಾಡಿದರು. 2010ರಲ್ಲಿ ಅದನ್ನು ಇದೇ ಊರಿನ, ಬ್ಲ್ಯಾಕ್‌ಬೆರಿ ಫೋನ್ ಮಾಡುತ್ತಿದ್ದ ರಿಸರ್ಚ್ ಇನ್ ಮೋಷನ್ ಕಂಪನಿ (ಈಗಿನ ಬ್ಲ್ಯಾಕ್‌ಬೆರಿ) ಕೊಂಡುಕೊಂಡಿತು. ಇವತ್ತು ಬಹಳಷ್ಟು ಕಾರುಗಳ ಒಳಗೆ ಓಡುತ್ತಿರುವುದು ಅದೇ.

ಮಕ್ಕಳನ್ನು ಇಲ್ಲಿಗೆ ಕಳಿಸುವ ಯೋಚನೆ ಇದ್ದರೆ ಎರಡು ಮಾತು. ಹೊರದೇಶದವರ ಫೀಸು ಇಲ್ಲಿಯವರದರ ಹಲವು ಪಟ್ಟು. ಕೋ-ಆಪ್ ಸಂಬಳ ಅದನ್ನು ಪೂರ್ತಿ ತುಂಬುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು, ಗಣಿತ ವಿಭಾಗ ಪ್ರತಿ ವರ್ಷ ಯೂಕ್ಲಿಡ್ ಅನ್ನುವ ಗಣಿತ ಸ್ಪರ್ಧೆ ನಡೆಸುತ್ತದೆ. ಎರಡೂವರೆ ಗಂಟೆ, 10 ಪ್ರಶ್ನೆ. ಭಾರತದಿಂದಲೂ ಬರೆಯಬಹುದು, ಅರ್ಜಿ ಹಾಕುವವರು ಬರೆದರೆ ಒಳ್ಳೆಯದು. ಹಳೇ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಮಗ ಅಥವಾ ಮಗಳಿಗೆ ಒಂದು ಭಾನುವಾರ ಅದನ್ನು ಕೊಟ್ಟು ನೋಡಿ. ಕೋಚಿಂಗ್ ಕ್ಲಾಸಿನ ವಿಷಯ ಆಮೇಲೆ ಮಾತಾಡೋಣ.