ಗೌರಿಯ ಸಗಣಿ

ಗೌರಿಗೆ ಕೆಚ್ಚಲು ಬಾವು. ಡಾಕ್ಟರು ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟು, 'ಕೆಲವು ದಿನ ಹಾಲು ಡೇರಿಗೆ ಹಾಕಬೇಡಿ' ಅಂದರು. ಸಗಣಿ ಬಗ್ಗೆ ಮಾತೇ ಇಲ್ಲ. ಅಮ್ಮ ಎಂದಿನಂತೆ ಬುಟ್ಟಿ ತುಂಬಿ ತಿಪ್ಪೆಗೆ ಸುರಿದಳು.

ಈ ಔಷಧಿಯ ಬಹುಪಾಲು ಮೈಯಲ್ಲಿ ಕರಗದೆ ಗಂಜಲ, ಸಗಣಿಯಲ್ಲಿ ಹಾಗೇ ಹೊರಗೆ ಬರುತ್ತದೆ. ಜೇಡಿಮಣ್ಣಿಗೆ ಅಂಟಿ ಕೂರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ಜಗ್ಗದವು ಹೆಚ್ಚುತ್ತವೆ, ಪಾಪದವು ಸೊರಗುತ್ತವೆ. ತಮಾಷೆ ಅಂದ್ರೆ, ಈ ಔಷಧಿ ಮೊದಲು ಸಿಕ್ಕಿದ್ದೇ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಅನ್ನೋ ಬ್ಯಾಕ್ಟೀರಿಯಾದಿಂದ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದೂ ಅದರ ಬಳಗದ ಕೆಲಸವೇ.

ಈಗ ಗೌರಿಯ ಸಗಣಿ ಬೇರೆ ಗುಡ್ಡೆ ಹಾಕುತ್ತಿದ್ದೇನೆ. ಒಳಗೆ ಕೈ ಇಟ್ಟರೆ ಸುಡುತ್ತದೆ. ಆ ಬಿಸಿಯಲ್ಲಿ ಚೆನ್ನಾಗಿ ಕಳಿತರೆ ಔಷಧಿ ಎಷ್ಟೋ ಕಮ್ಮಿಯಾಗುತ್ತದೆ.

ಅಮ್ಮ ನೋಡಿ, 'ಸಗಣಿಗೂ ಮಡಿ ಮೈಲಿಗೆ ಶುರು ಮಾಡಿದ್ಯಾ?' ಅಂದಳು.